ಎತ್ತಿದ ಮೇಲೆ ಹಿಡಿದಿರುವುದು ಹುಕ್ಕೊಂದೇ: ಲಿಫ್ಟಿಂಗ್ ಅನಾಲಿಸಿಸ್‌ನಲ್ಲಿ ಲೋಡು, ಕನ್‌ಸ್ಟ್ರೇಂಟು

ನಾಲ್ಕು ಲಗ್ (ಸ್ಲಿಂಗ್ ಹಗ್ಗ ಸಿಕ್ಕಿಸಲು ಬೆಸೆದ ತೂತಿನ ಪ್ಲೇಟು) ಇರುವ ಸ್ಕಿಡ್ಡನ್ನು, ಅಂದರೆ ಯಂತ್ರ ಕೂರಿಸುವ ಉಕ್ಕಿನ ಚೌಕಟ್ಟನ್ನು, ಎತ್ತುವ ಫೈನೈಟ್ ಎಲಿಮೆಂಟ್ ಅನಾಲಿಸಿಸ್ (ರಚನೆಯನ್ನು ಸಣ್ಣ ತುಂಡುಗಳಾಗಿ ಒಡೆದು ಕಂಪ್ಯೂಟರಿನಲ್ಲಿ ಮಾಡುವ ಲೆಕ್ಕ) ಕೈಗೆ ಬಂದಾಗ ಹೊಸಬರು ಮೊದಲು ಮಾಡುವುದು ನಾಲ್ಕೂ ಲಗ್‌ಗಳ ತೂತಿಗೆ ಫಿಕ್ಸೆಡ್ ಸಪೋರ್ಟ್ (ಅಲುಗದಂತೆ, ತಿರುಗದಂತೆ ಬಿಗಿಹಿಡಿತ) ಕೊಟ್ಟು, ಗ್ರಾವಿಟಿ ಹಾಕಿ, ಸಾಲ್ವ್ ಒತ್ತುವುದು. ಉತ್ತರ ಬರುತ್ತದೆ, ಬಣ್ಣ ಚೆನ್ನಾಗಿರುತ್ತದೆ, ಸ್ಟ್ರೆಸ್ ಕಡಿಮೆಯೂ ಇರುತ್ತದೆ. ಪುಣೆ ಹತ್ತಿರದ ಚಾಕಣ, ಭೋಸರಿ ಕಡೆಯ ಡಿಸೈನ್ ಆಫೀಸುಗಳಲ್ಲಿ ಕೆಲಸಕ್ಕೆ ಸೇರಿರುವ ನಮ್ಮ ಬೆಳಗಾವಿ, ಹುಬ್ಬಳ್ಳಿ, ಬಾಗಲಕೋಟೆ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಆ ಕಡಿಮೆ ಸ್ಟ್ರೆಸ್ಸು ಯಾಕೆ ಸುಳ್ಳು ಎನ್ನುವುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ.

ಸ್ಕಿಡ್ಡಿನ ತೂಕ 12 ಟನ್, ಉದ್ದ 5 ಮೀಟರ್. ಲಗ್‌ಗಳ ನಡುವಿನ ಅಂತರ ಉದ್ದಕ್ಕೆ 4 ಮೀಟರ್, ಅಡ್ಡಕ್ಕೆ 2 ಮೀಟರ್. ಎರಡು ಉದ್ದ ಬೀಮುಗಳು ಐಎಸ್‌ಎಂಬಿ 300, ಅಂದರೆ 300 ಮಿಮೀ ಎತ್ತರದ ಐ ಆಕಾರದ ಬೀಮು. ಲಗ್‌ಗಳು ಮೇಲಿನ ಫ್ಲಾಂಜಿನ (ಬೀಮಿನ ಅಡ್ಡ ಪಟ್ಟಿಯ) ಮೇಲೆ ನಿಂತಿವೆ, ತೂತಿನ ಮಧ್ಯ ಫ್ಲಾಂಜಿನಿಂದ 120 ಮಿಮೀ ಎತ್ತರದಲ್ಲಿದೆ. ಸ್ಲಿಂಗಿನ ಕೋನ ಅಡ್ಡಗೆರೆಯಿಂದ 60 ಡಿಗ್ರಿ. ಒಟ್ಟು ಭಾರ 117.7 ಕಿಲೋನ್ಯೂಟನ್, ಲಗ್ ಒಂದಕ್ಕೆ ನೇರ ಮೇಲಕ್ಕೆ 29.4. ಅದನ್ನು ಸೈನ್ 60ರಿಂದ, ಅಂದರೆ 0.866ರಿಂದ ಭಾಗಿಸಿದರೆ ಸ್ಲಿಂಗ್ ಟೆನ್ಷನ್ 34.0. ಒಳಮುಖವಾಗಿ ಎಳೆಯುವ ಅಡ್ಡ ಬಲ 17.0, ಅದರಲ್ಲಿ ಬೀಮಿನ ಉದ್ದಕ್ಕೆ ಬೀಳುವ ಪಾಲು 15.2. ಕೋನ 45ಕ್ಕೆ ಇಳಿದರೆ ಟೆನ್ಷನ್ 41.6, 30ಕ್ಕೆ ಇಳಿದರೆ 58.9. ಹೈಡ್ರಾದ (ಶಾಪಿನ ಓಡಾಡುವ ಕ್ರೇನಿನ) ಬೂಮ್ ಎತ್ತರ ಸಾಲದೆ ಶಾಪಿನಲ್ಲಿ ಗಿಡ್ಡ ಸ್ಲಿಂಗ್ ಹಾಕುವುದುಂಟು. ಹಾಗಾಗಿ ಕೋನವನ್ನು ಡ್ರಾಯಿಂಗಿನಲ್ಲಿ ಬರೆದರಷ್ಟೇ ಸಾಲದು, ಸ್ಲಿಂಗಿನ ಉದ್ದವನ್ನೂ ಬರೆಯಬೇಕು. ಇಲ್ಲಿ ಅದು 4.47 ಮೀಟರ್.

ಈಗ ಬೀಮನ್ನು ಕೈಲೆಕ್ಕದಲ್ಲಿ ನೋಡಿ. ತೂಕವೆಲ್ಲ ಎರಡೂ ಬೀಮಿಗೆ ಸಮನಾಗಿ ಹರಡಿದೆ ಎಂದುಕೊಂಡರೆ ಮೀಟರಿಗೆ 11.77 ಕಿಲೋನ್ಯೂಟನ್. ಆಚೀಚೆ ಅರ್ಧರ್ಧ ಮೀಟರ್ ಚಾಚಿರುವುದನ್ನು ಕಳೆದರೆ ನಡುವಿನ ಬಾಗುಮೊಮೆಂಟ್ 22.1 ಕಿಲೋನ್ಯೂಟನ್-ಮೀಟರ್. ಇದರ ಮೇಲೆ, ಒಳಕ್ಕೆ ಎಳೆಯುವ 15.2 ಬೀಮಿನ ನ್ಯೂಟ್ರಲ್ ಆಕ್ಸಿಸ್‌ನಿಂದ (ಎತ್ತರದ ನಡುಗೆರೆಯಿಂದ) 270 ಮಿಮೀ ಮೇಲಿದೆ. ಹಾಗಾಗಿ ಅದು ಇನ್ನೊಂದು 4.1ನ್ನು ಅದೇ ದಿಕ್ಕಿನಲ್ಲಿ ಸೇರಿಸುತ್ತದೆ. ಒಟ್ಟು 26.2. ತೂತುಗಳನ್ನು ಫಿಕ್ಸ್ ಮಾಡಿದ ಮಾಡೆಲಿನಲ್ಲಿ ಲಗ್ ಇರುವ ಕಡೆ ಬೀಮು ತಿರುಗಲಾರದು, ಎರಡೂ ತುದಿ ಗೋಡೆಯಲ್ಲಿ ಹೂತಂತೆ ಆಗುತ್ತದೆ. ಆಗ ನಡುವೆ ಸಿಗುವುದು ಹತ್ತಿರಹತ್ತಿರ 7.8 ಅಷ್ಟೆ. ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ! ಸ್ಲಿಂಗ್ ಒತ್ತುವ ಕಂಪ್ರೆಷನ್ನೂ ಮಾಯ. ಮೆಷ್ (ತುಂಡುಗಳ ಜಾಲ) ಎಷ್ಟೇ ನಯ ಮಾಡಿದರೂ ಈ ತಪ್ಪು ಸರಿಹೋಗುವುದಿಲ್ಲ.

ಸರಿಯಾದ ದಾರಿ ಇದು. ಹುಕ್ಕಿನ ಜಾಗದಲ್ಲಿ ಒಂದು ನೋಡ್ (ತುಂಡುಗಳು ಸೇರುವ ಬಿಂದು) ಇಡಿ. ಅಲ್ಲಿಂದ ನಾಲ್ಕು ಲಗ್‌ಗಳಿಗೆ ಟೆನ್ಷನ್ ಮಾತ್ರ ಹೊರುವ ಟ್ರಸ್ ಎಲಿಮೆಂಟುಗಳನ್ನು ಎಳೆಯಿರಿ. ಹುಕ್ಕಿನ ನೋಡಿಗೆ ಎಕ್ಸ್ (ಉದ್ದಕ್ಕೆ), ವೈ (ಅಡ್ಡಕ್ಕೆ), ಜಡ್ (ಮೇಲಕ್ಕೆ) ಮೂರೂ ದಿಕ್ಕಿನ ಚಲನೆ ತಡೆಯಿರಿ. ಇಷ್ಟಕ್ಕೇ ಸಾಲ್ವ್ ಮಾಡಿದರೆ ಲೀನಿಯರ್ ಸಾಲ್ವರ್ ಮುನಿಸಿಕೊಳ್ಳುತ್ತದೆ, ಯಾಕೆಂದರೆ ಸ್ಕಿಡ್ಡು ಹುಕ್ಕಿನ ಸುತ್ತ ಗಡಿಯಾರದ ಲೋಲಕದಂತೆ ಎರಡು ಕಡೆ ತೂಗಬಹುದು, ತನ್ನಷ್ಟಕ್ಕೆ ಸುತ್ತಲೂಬಹುದು. ಈ ಮೂರು ತಿರುಗುವಿಕೆಗಳನ್ನು ಕಟ್ಟಲು ಚಲನೆ ತಡೆಯುವ ಮೂರೇ ಕನ್‌ಸ್ಟ್ರೇಂಟ್ ಸಾಕು. ಲಗ್‌ಗಳ ಮಟ್ಟದಲ್ಲಿ, ಹುಕ್ಕಿನ ನೇರ ಕೆಳಗಿನ ಒಂದು ನೋಡಿಗೆ ಎಕ್ಸ್ ಮತ್ತು ವೈ. ಉದ್ದಕ್ಕೆ ದೂರದ ತುದಿಯ ಇನ್ನೊಂದು ನೋಡಿಗೆ ವೈ ಮಾತ್ರ. ಜಡ್ ಎಲ್ಲೂ ಬೇಡ. ಕೆಲವರು ಇದರ ಬದಲು 1ರಿಂದ 10 ನ್ಯೂಟನ್/ಮಿಮೀ ಸ್ಟಿಫ್‌ನೆಸ್ಸಿನ ಮೆತ್ತನೆ ಸ್ಪ್ರಿಂಗ್ ಹಾಕುತ್ತಾರೆ. ಅದೂ ನಡೆಯುತ್ತದೆ, ಆದರೆ ನನಗೆ ಮೂರು ಕನ್‌ಸ್ಟ್ರೇಂಟಿನ ದಾರಿಯೇ ಇಷ್ಟ. ಅದು ನಿಮ್ಮ ತಪ್ಪನ್ನು ನೇರವಾಗಿ ತೋರಿಸಿಕೊಡುತ್ತದೆ.

ಹೇಗೆಂದರೆ, ಈ ಮೂರು ಕಡೆ ರಿಯಾಕ್ಷನ್ ಸೊನ್ನೆ ಬರಬೇಕು. ಗಾಳಿಯಲ್ಲಿ ತೂಗುವ ಸ್ಕಿಡ್ಡನ್ನು ಅಲ್ಲಿ ಯಾರೂ ಹಿಡಿದಿರುವುದಿಲ್ಲ. ಸೊನ್ನೆ ಬರದಿದ್ದರೆ ಸೆಂಟರ್ ಆಫ್ ಗ್ರಾವಿಟಿ (ಸಿಜಿ, ಭಾರದ ಕೇಂದ್ರ) ಹುಕ್ಕಿನ ಕೆಳಗಿಲ್ಲ ಎಂದು ಅರ್ಥ. ನಮ್ಮ ಸ್ಕಿಡ್ಡಿನಲ್ಲಿ ಹುಕ್ಕು ಲಗ್‌ಗಳಿಂದ 3.87 ಮೀಟರ್ ಮೇಲಿದೆ. ಸಿಜಿ ಉದ್ದಕ್ಕೆ 150 ಮಿಮೀ ಸರಿದಿದ್ದರೆ ಎಕ್ಸ್ ರಿಯಾಕ್ಷನ್ ಸುಮಾರು 4.6 ಕಿಲೋನ್ಯೂಟನ್, ಅಂದರೆ ತೂಕದ 4 ಶೇಕಡಾ ಹತ್ತಿರ ಬರುತ್ತದೆ. ಸಿಜಿ ಲಗ್‌ಗಿಂತ 0.6 ಮೀಟರ್ ಮೇಲಿದ್ದರೆ ನಿಜವಾದ ಸ್ಕಿಡ್ಡು 2.6 ಡಿಗ್ರಿ ವಾಲುತ್ತದೆ, ಒಂದು ಕಡೆಯ ಲಗ್ಗುಗಳು ಇನ್ನೊಂದು ಕಡೆಗಿಂತ 180 ಮಿಮೀ ಕೆಳಗಿಳಿಯುತ್ತವೆ. ಇದಕ್ಕೆ ಮದ್ದು ಹುಕ್ಕಿನ ನೋಡನ್ನು ಸಿಜಿಯ ಮೇಲೆ ತಂದು, ಎರಡು ಸ್ಲಿಂಗ್ ಗಿಡ್ಡ, ಎರಡು ಉದ್ದ ಮಾಡುವುದು. ಕನ್‌ಸ್ಟ್ರೇಂಟ್ ಗಟ್ಟಿಮಾಡಿ ಮುಚ್ಚಿಬಿಡುವುದಲ್ಲ.

ತೂಕದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಮಿಲಿಮೀಟರ್-ಟನ್ ಪದ್ಧತಿಯಲ್ಲಿ ಉಕ್ಕಿನ ಸಾಂದ್ರತೆ 7.85×10⁻⁹ ಟನ್/ಮಿಮೀ³, ಗ್ರಾವಿಟಿ 9810 ಮಿಮೀ/ಸೆ². ಇವೆರಡರಲ್ಲಿ ಒಂದು ತಪ್ಪಿದರೂ ಉತ್ತರ ಸಾವಿರಾರು ಪಟ್ಟು ಆಚೀಚೆ ಹೋಗುತ್ತದೆ. ಕ್ಯಾಡ್ ತೂಕದಲ್ಲಿ ಬೆಸುಗೆ, ಬಣ್ಣ, ಕೇಬಲ್, ಎಣ್ಣೆ ಇರುವುದಿಲ್ಲ. ನಿಜ ತೂಕಕ್ಕೂ ಅದಕ್ಕೂ ಇರುವ ವ್ಯತ್ಯಾಸವನ್ನು ಅದು ನಿಜಕ್ಕೂ ಇರುವ ಜಾಗದಲ್ಲಿ ಪಾಯಿಂಟ್ ಮಾಸ್ (ಒಂದೇ ಬಿಂದುವಿನಲ್ಲಿ ಇಟ್ಟ ತೂಕ) ಆಗಿ ಇಡಿ. ಮೋಟರ್, ಪಂಪುಗಳ ಪಾಯಿಂಟ್ ಮಾಸನ್ನು ಬೋಲ್ಟ್ ತೂತುಗಳಿಗೆ ಆರ್‌ಬಿಇ3ಯಿಂದ, ಅಂದರೆ ಭಾರವನ್ನು ಹಂಚುವ ಆದರೆ ಫ್ರೇಮನ್ನು ಬಿಗಿಯದ ಕೊಂಡಿಯಿಂದ, ಜೋಡಿಸಿ. ಬಿಗಿ ಕೊಂಡಿಯಾದ ಆರ್‌ಬಿಇ2 ಹಾಕಿದರೆ ಮೋಟರಿನ ಕೆಳಗಿನ ಫ್ರೇಮು ಕಲ್ಲಿನಂತೆ ಗಟ್ಟಿಯಾಗಿಬಿಡುತ್ತದೆ.

ಫ್ಯಾಕ್ಟರುಗಳನ್ನು ಗ್ರಾವಿಟಿಗೇ ಗುಣಿಸುವುದು ಸುಲಭ. ಪ್ರಾಜೆಕ್ಟ್ ಸ್ಪೆಸಿಫಿಕೇಶನ್ ತೂಕಕ್ಕೆ 1.1, ಡೈನಮಿಕ್‌ಗೆ 1.3 ಎಂದರೆ 1.43, ಅಂದರೆ 14028 ಮಿಮೀ/ಸೆ². ಆಗ ಹುಕ್ಕಿನ ರಿಯಾಕ್ಷನ್ 168.3 ಕಿಲೋನ್ಯೂಟನ್ ಬರಬೇಕು. ಅದು ಬರದೆ ಮುಂದಿನ ಯಾವ ಪ್ಲಾಟನ್ನೂ ತೆರೆಯಬೇಡಿ. ಗ್ರಾವಿಟಿಗೆ ಗುಣಿಸಿದ ಫ್ಯಾಕ್ಟರನ್ನೇ ಮತ್ತೆ ಲಗ್ ಲೆಕ್ಕದಲ್ಲೂ ಗುಣಿಸುವುದು ಮಾಮೂಲಿ ತಪ್ಪು, ಲೋಡ್ ಶೀಟಿನ ಮೇಲೆ ದೊಡ್ಡದಾಗಿ ಬರೆದಿಡಿ.

ಇನ್ನು ನಾಲ್ಕು ಸ್ಲಿಂಗುಗಳು ಭಾರವನ್ನು ಸಮನಾಗಿ ಹಂಚಿಕೊಳ್ಳುತ್ತವೆ ಎಂಬ ನಂಬಿಕೆ. 24 ಮಿಮೀ ವೈರ್ ರೋಪಿನ ಲೋಹದ ವಿಸ್ತೀರ್ಣ ಸುಮಾರು 265 ಚದರ ಮಿಮೀ, ಮಾಡ್ಯುಲಸ್ ಗಟ್ಟಿ ಉಕ್ಕಿನ ಅರ್ಧದಷ್ಟು, 100 ಗಿಗಾಪಾಸ್ಕಲ್ ಎಂದಿಟ್ಟುಕೊಳ್ಳಿ. 4.47 ಮೀಟರಿಗೆ ಸ್ಟಿಫ್‌ನೆಸ್ 5.9 ಕಿಲೋನ್ಯೂಟನ್/ಮಿಮೀ. 34 ಕಿಲೋನ್ಯೂಟನ್ ಬಿದ್ದಾಗ ಅದು ಹಿಗ್ಗುವುದು 6 ಮಿಮೀಗಿಂತ ಕಡಿಮೆ. ಫ್ರೇಮು ಪೂರ್ತಿ ಗಟ್ಟಿ ಇದ್ದು ಒಂದು ಸ್ಲಿಂಗು ಬರೀ 10 ಮಿಮೀ ಗಿಡ್ಡ ಇದ್ದರೆ ಒಂದು ಕರ್ಣದ ಎರಡು ಸ್ಲಿಂಗಿಗೆ 48.8, ಇನ್ನೊಂದು ಕರ್ಣದ ಎರಡಕ್ಕೆ 19.2. ವ್ಯತ್ಯಾಸ 23 ಮಿಮೀ ಆದರೆ ಒಂದು ಜೋಡಿ ಪೂರ್ತಿ ಸಡಿಲ, ಇನ್ನೊಂದು ಜೋಡಿಗೆ ತಲಾ 68 ಕಿಲೋನ್ಯೂಟನ್. 23 ಮಿಮೀ ಅಂದರೆ ಉದ್ದದ ಅರ್ಧ ಶೇಕಡಾ! ಶಾಪಿನಲ್ಲಿ ಹಳೆಯ ಸ್ಲಿಂಗೊಂದನ್ನು ಹೊಸದರ ಜೊತೆ ಸೇರಿಸಿದರೆ ಅಷ್ಟು ವ್ಯತ್ಯಾಸ ಬರಲು ಹೊತ್ತು ಬೇಕಿಲ್ಲ. ಅದಕ್ಕೇ ಎರಡೇ ಸ್ಲಿಂಗ್ ಹೊರುವ ಕೇಸನ್ನು ಎರಡೂ ಕರ್ಣಕ್ಕೆ ಓಡಿಸಿ. ತೆರೆದ ಫ್ರೇಮು ತಿರುಚಿಕೊಂಡು ಸ್ವಲ್ಪ ಭಾರ ಹಂಚಿಕೊಡುತ್ತದೆ. ಎಷ್ಟು ಎಂದು ತಿಳಿಯಬೇಕಿದ್ದರೆ ಸ್ಲಿಂಗನ್ನು ಮಾಡೆಲಿನಲ್ಲಿ ತಂಪುಮಾಡಿ ಗಿಡ್ಡ ಮಾಡಬಹುದು. ಹಿಗ್ಗುವ ಗುಣಾಂಕ 1.2×10⁻⁵ ಇದ್ದರೆ ಒಂದು ಸ್ಲಿಂಗಿಗೆ 186 ಡಿಗ್ರಿ ಇಳಿಕೆ ಕೊಟ್ಟರೆ ಸರಿಯಾಗಿ 10 ಮಿಮೀ ಕುಗ್ಗುತ್ತದೆ.

ಲಗ್ಗನ್ನು ಬೇರೆ ಸಾಲಿಡ್ ಮಾಡೆಲಿನಲ್ಲಿ ನೋಡುವುದು ಒಳ್ಳೆಯದು, ದಪ್ಪಕ್ಕೆ ಕನಿಷ್ಠ ಮೂರು ಎಲಿಮೆಂಟು. ತೂತಿನ ಇಡೀ ಸುತ್ತಳತೆಗೆ ಬಲ ಹಚ್ಚಬೇಡಿ. ಪಿನ್ನು ಎಳೆಯದ ಬದಿಯೂ ಆಗ ಎಳೆದಂತಾಗಿ, ತುದಿಯ ಭಾಗ ಹರಿಯುವುದು ಕಾಣದೇ ಹೋಗುತ್ತದೆ. ಸ್ಲಿಂಗಿನ ದಿಕ್ಕಿಗೆ ಬೇರಿಂಗ್ ಲೋಡ್ ಕೊಡಿ, ಅದು ಅರ್ಧ ಸುತ್ತಿಗೆ ಮಾತ್ರ ಒತ್ತುತ್ತದೆ. 35 ಮಿಮೀ ಪಿನ್ನಿನ 12 ಟನ್ ಶಾಕಲ್ಲಿಗೆ (ಸ್ಲಿಂಗನ್ನು ಲಗ್ಗಿಗೆ ಸೇರಿಸುವ ಪಿನ್ ಇರುವ ಕೊಂಡಿಗೆ) 38 ಮಿಮೀ ತೂತು ಸರಿ. 50 ಕೊರೆದರೆ ಪಿನ್ನು ಗೆರೆಯಷ್ಟು ಜಾಗದಲ್ಲಿ ಕೂರುತ್ತದೆ. ಜೊತೆಗೆ ಪಕ್ಕಕ್ಕೆ ಎಳೆತ: ಮುಂಬೈ ಹೈ ತೈಲಕ್ಷೇತ್ರದಂಥ ಕಡಲ ಕೆಲಸಕ್ಕೆ ಹೋಗುವ ಸ್ಕಿಡ್ಡುಗಳಿಗೆ ಬಳಸುವ ಎಪಿಐ ಆರ್‌ಪಿ 2ಎ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟಿನ ಕಡಲ ಕಟ್ಟಡಗಳ ಸಂಹಿತೆ) ಪ್ರಕಾರ ಸ್ಲಿಂಗ್ ಬಲದ 5 ಶೇಕಡಾವನ್ನು ಲಗ್ ಪ್ಲೇಟಿನ ಮುಖಕ್ಕೆ ಲಂಬವಾಗಿ, ತೂತಿನ ಮಧ್ಯದಲ್ಲಿ, ಮುಖ್ಯ ಬಲದ ಜೊತೆಗೇ ಹಾಕಬೇಕು. ನೆಲದ ಮೇಲಿನ ಕೆಲಸಕ್ಕೂ ಇದನ್ನು ಬಿಡಬೇಡಿ. ಲಗ್ ಪ್ಲೇಟು ಹುಕ್ಕಿನ ದಿಕ್ಕಿಗೆ ತಿರುಗಿರದೆ ಬೀಮಿನ ವೆಬ್ಬಿನ (ಫ್ಲಾಂಜುಗಳ ನಡುವಿನ ನಿಂತ ಪ್ಲೇಟಿನ) ನೇರಕ್ಕೆ ನಿಂತಿದ್ದರಂತೂ 5 ಶೇಕಡಾ ಸಾಲುವುದೇ ಇಲ್ಲ. ನಮ್ಮ ಉದಾಹರಣೆಯಲ್ಲಿ ಅಡ್ಡಕ್ಕೆ ಬೀಳುವುದು 7.6 ಕಿಲೋನ್ಯೂಟನ್, 34ರ 22 ಶೇಕಡಾ. ಅದಷ್ಟೂ ಲಗ್ಗಿನ ಬುಡದ ಬೆಸುಗೆಯನ್ನು ಬಾಗಿಸುತ್ತದೆ, ಲಗ್ ನಿಂತಿರುವ ಮೇಲಿನ ಫ್ಲಾಂಜನ್ನು ತಿರುಚುತ್ತದೆ. ಅಲ್ಲಿ ವೆಬ್ಬಿನ ಎರಡೂ ಬದಿಗೆ ಸ್ಟಿಫನರ್ (ಗಟ್ಟಿಮಾಡುವ ಪ್ಲೇಟು) ಇಲ್ಲದಿದ್ದರೆ ಡ್ರಾಯಿಂಗನ್ನು ವಾಪಸ್ ಕಳಿಸಿ.