ಹಿತ್ತಾಳೆ ಕೊಳವೆಯ ಮೇಲೆ ಓಕ್ ಎಲೆ: ಮೂರನೇ ವಾರ

ಎಲೆ ಮೂಡಿಸುತ್ತಿದ್ದ ಹಿತ್ತಾಳೆ ಕೊಳವೆ ಈ ವಾರ ಬಿರಿಯಿತು. ಟಿಕ್ ಅಂತ ಸದ್ದಾಯಿತು, ನೋಡಿದರೆ ಎಲೆಯ ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು. ಹಿತ್ತಾಳೆ ಏಟು ತಿಂದಷ್ಟೂ ಗಡುಸಾಗುತ್ತದೆ, ಆಗಾಗ ಕಾಯಿಸಿ ಮೆತ್ತಗೆ ಮಾಡಿಕೊಳ್ಳಬೇಕು. ಇನ್ನೊಂದು ಸಾಲು ಮುಗಿಸಿಯೇ ಕಾಯಿಸೋಣ ಎಂದು ಮುಂದುವರಿಸಿದ್ದೇ ತಪ್ಪಾಯಿತು.

ಮೊದಲ ಮಹಾಯುದ್ಧದ ಸೈನಿಕರು ಹಾರಿಸಿದ ಫಿರಂಗಿ ಗುಂಡುಗಳ ಖಾಲಿ ಹಿತ್ತಾಳೆ ಕವಚಗಳ ಮೇಲೆ ಹೂವು, ಎಲೆ, ವರ್ಡನ್, ಈಪ್ರ್‌ನಂಥ ಕಾಳಗ ನಡೆದ ಊರುಗಳ ಹೆಸರು ಮೂಡಿಸಿ ಹೂದಾನಿ ಮಾಡಿದ್ದರಲ್ಲ, ಟ್ರೆಂಚ್ ಆರ್ಟ್ (ಕಂದಕದ ಕಲೆ) ಎನ್ನುವ ಆ ಕೆಲಸವನ್ನು ಕೈಯಾರೆ ಮಾಡಿ ಕಲಿಯುವ ಪ್ರಯತ್ನ ಇದು. ಮಾದರಿ, ಫ್ರೆಂಚರ 75 ಮಿ.ಮೀ. ಫಿರಂಗಿಯ ಕವಚ: ಸುಮಾರು 350 ಮಿ.ಮೀ. ಎತ್ತರ. ನನ್ನದು ಅಂಗಡಿಯಿಂದ ತಂದ 3 ಇಂಚಿನ ಹಿತ್ತಾಳೆ ಪೈಪು.

ಎರಡನೇ ತುಂಡಿಗೆ ರಾಳ, ಇಟ್ಟಿಗೆ ಪುಡಿ, ಸ್ವಲ್ಪ ಎಣ್ಣೆ ಸೇರಿಸಿ ಕರಗಿಸಿ ತುಂಬಿದೆ. ಒಳಗೆ ಈ ಆಸರೆ ಇಲ್ಲದಿದ್ದರೆ ಮೊದಲ ಏಟಿಗೇ ಪೈಪು ನಗ್ಗುತ್ತದೆ. ಫೋಟೊಗಳಲ್ಲಿ ಎಲೆ ಉಬ್ಬಿದಂತೆ ಕಾಣುತ್ತದೆ. ನಿಜಕ್ಕೂ ಅದು ಇದ್ದಲ್ಲೇ ಇರುತ್ತದೆ, ಸುತ್ತಲಿನ ಜಾಗ ತಗ್ಗುತ್ತದೆ. ಮೊಂಡು ಉಳಿಯಿಂದ ಗೆರೆ ಕೂರಿಸಿ, ಆಚೆಯ ಲೋಹವನ್ನು ಚುಕ್ಕೆ ಚುಕ್ಕೆಯಾಗಿ ಬಡಿಯುತ್ತಾ ಹೋಗಬೇಕು. ಒಂದು ಎಲೆಗೇ ಎರಡು ಸಂಜೆ ಹಿಡಿಯಿತು.

ಗಡುಸಾದಾಗಲೆಲ್ಲ ರಾಳ ಕರಗಿಸಿ ಬಸಿದು, ಪೈಪನ್ನು ಮಂದ ಕೆಂಪಾಗುವವರೆಗೆ ಕಾಯಿಸಿ, ಆರಿಸಿ, ಮತ್ತೆ ರಾಳ ತುಂಬಬೇಕು. ನಾಲ್ಕು ಸಲ ಹೀಗೆ ಮಾಡಿದ ಮೇಲೆ ಒಂದು ವಿಷಯ ಮನಸ್ಸಿಗೆ ನಾಟಿತು. ಟ್ರೆಂಚ್ ಆರ್ಟ್ ಎಂಬ ಹೆಸರು ಕೇಳಿ ಕೆಸರು ಕಂದಕದಲ್ಲಿ ಕೂತು ಕೆತ್ತುವವನನ್ನು ಕಲ್ಪಿಸಿಕೊಂಡಿದ್ದೆ. ಇಂಥ ಕೆಲಸಕ್ಕೆ ಬೆಂಕಿ ಬೇಕು, ಅಲುಗದ ಮೇಜು ಬೇಕು, ಬಿಡುವು ಬೇಕು. ಇವುಗಳಲ್ಲಿ ಬಹಳಷ್ಟು ಆದದ್ದು ಮುಂಚೂಣಿಯ ಹಿಂದೆ: ಸೇನೆಯ ಕಮ್ಮಾರಸಾಲೆಗಳಲ್ಲಿ, ಯುದ್ಧಕೈದಿಗಳ ಶಿಬಿರಗಳಲ್ಲಿ. 1918ರ ನಂತರ ರಣರಂಗ ನೋಡಲು ಬಂದವರಿಗಾಗಿ ಊರವರೂ ಮಾಡಿ ಮಾರಿದರು. ಖಾಲಿ ಕವಚ ಸರ್ಕಾರದ ಸ್ವತ್ತು, ಮರುಬಳಕೆಗೆ ವಾಪಸ್ ಹೋಗಬೇಕಾದದ್ದು. ಹಾಗಾಗಿ ಯುದ್ಧದ ದಿನಗಳ ಎಷ್ಟೋ ಹೂದಾನಿಗಳ ಕವಚವನ್ನು ಯಾರೋ ಗುಟ್ಟಾಗಿ ಎತ್ತಿಟ್ಟುಕೊಂಡಿರಬೇಕು. ಅದನ್ನು ನೆನೆದರೆ ನನಗೆ ಆ ಅಪರಿಚಿತರ ಮೇಲೆ ಪ್ರೀತಿ ಉಕ್ಕುತ್ತದೆ.

ಕೆತ್ತನೆ ಮುಗಿದ ಮೇಲೂ ಒಮ್ಮೆ ಹದವಾಗಿ ಕಾಯಿಸಬೇಕು, ಇಲ್ಲದಿದ್ದರೆ ಒಳಗೆ ಉಳಿದ ಬಿಗಿತದಿಂದ ಮುಂದೆ ತಾನಾಗಿಯೇ ಸೀಳಬಹುದು. ಬ್ರಿಟಿಷರ ಕಾಲದಲ್ಲಿ ನಮ್ಮ ದೇಶದ ಮಳೆಗಾಲಕ್ಕೆ ಕುದುರೆಲಾಯಗಳಲ್ಲಿ ಇಟ್ಟ ಸೇನೆಯ ಹಿತ್ತಾಳೆ ತೋಟಾಗಳು ಇಟ್ಟಲ್ಲೇ ಸೀಳುತ್ತಿದ್ದವು. ತಯಾರಿಕೆಯಲ್ಲಿ ಲೋಹದೊಳಗೆ ಉಳಿದ ಬಿಗಿತಕ್ಕೆ ಕುದುರೆ ಮೂತ್ರದಿಂದ ಏಳುವ ಅಮೋನಿಯಾ ಸೇರಿದ್ದೇ ಕಾರಣ.

ಎರಡು ಎಲೆ, ಒಂದು ಓಕ್ ಕಾಯಿ ಆಗಿದೆ. ಹುಣಸೆಹಣ್ಣಿನಲ್ಲಿ ತಿಕ್ಕಿದಾಗ ಚುಕ್ಕೆಗಳ ನಡುವೆ ಎಲೆ ನುಣ್ಣಗೆ ಹೊಳೆಯಿತು. ಮುಂದಿನ ವಾರ ಅಕ್ಷರ.