ಮರ್ಸೆನ್ 67 ಒಡೆಯಿತು, ಅದೂ ಎಂಟು ಬಿಟ್ ಬೋರ್ಡಿನಲ್ಲಿ

193707721. ಅಂತೂ ಸಿಕ್ಕಿತು ಮಾರಾಯ್ರೆ!

ಗೊತ್ತಿಲ್ಲದವರಿಗೆ: 2ರ 67ನೇ ಘಾತದಿಂದ ಒಂದು ಕಳೆದರೆ 147573952589676412927. ಫ್ರೆಂಚ್ ಸನ್ಯಾಸಿ ಮರ್ಸೆನ್ 1644ರಲ್ಲಿ ಇದನ್ನು ಅವಿಭಾಜ್ಯಗಳ ಪಟ್ಟಿಗೆ ಸೇರಿಸಿದ್ದ. 1876ರಲ್ಲಿ ಫ್ರೆಂಚ್ ಗಣಿತಜ್ಞ ಲೂಕಾ ಇದು ಅವಿಭಾಜ್ಯ ಅಲ್ಲವೆಂದು ಸಾಧಿಸಿದ, ಭಾಜಕ ಮಾತ್ರ ತೋರಿಸಲಿಲ್ಲ. 1903ರಲ್ಲಿ ಫ್ರಾಂಕ್ ನೆಲ್ಸನ್ ಕೋಲ್ ತೋರಿಸಿದ. ಅದಕ್ಕೆ ಅವನ ವರ್ಷಗಟ್ಟಲೆ ಭಾನುವಾರಗಳು ಹೋದವಂತೆ. ನನ್ನ ಹಟ ಇಷ್ಟೇ, ಅದೇ ಭಾಜಕ, ಅಂದರೆ ಮೇಲಿನ 193707721, ಆರ್ಡುಯಿನೊ ಯೂನೊ ಎಂಬ ಪುಟ್ಟ ಎಂಟು ಬಿಟ್ ಬೋರ್ಡಿನಲ್ಲಿ ಬರಬೇಕು.

ಭಾಜಕ 134k+1 ರೂಪದಲ್ಲೇ ಇರಬೇಕು (134 ಎಂದರೆ 67ರ ಎರಡರಷ್ಟು, k ಪೂರ್ಣಾಂಕ), 8ರಿಂದ ಭಾಗಿಸಿದರೆ ಶೇಷ 1 ಅಥವಾ 7. ಇದು ಹಳೆಯ ನಿಯಮ. ತಲೆ ತಿಂದದ್ದು ಭಾಗಾಕಾರ. ಈ ಚಿಪ್ಪಿಗೆ ಗುಣಿಸಲು ಬರುತ್ತದೆ, ಭಾಗಿಸುವ ಆದೇಶವೇ ಇಲ್ಲ. 64 ಬಿಟ್ ಶೇಷ ಕೇಳಿದರೆ ಸರಕಾರಿ ಕಚೇರಿಯ ಫೈಲಿನ ಹಾಗೆ ಮಲಗಿಬಿಡುತ್ತದೆ. ಹಾಗಾಗಿ ಶೇಷ ಕೇಳುವುದನ್ನೇ ಕಡಿಮೆ ಮಾಡಬೇಕು. 2ರ 33ನೇ ಘಾತ ಹೇಗೂ ಸ್ಥಿರಾಂಕ. ಅದರ ಶೇಷ ತೆಗೆದು, ವರ್ಗ ಮಾಡಿ, ಇಮ್ಮಡಿಸಿದರೆ 67ನೇ ಘಾತದ ಶೇಷ ಬಂತು; ಅದು 1 ಆದರೆ ಭಾಜಕ ಸಿಕ್ಕಿದಂತೆ. ಒಂದೊಂದು k ಗೆ ಎರಡೇ ಭಾಗಾಕಾರ! 21 ಅಂಕಿಯ ಆ ದೈತ್ಯನನ್ನು ಮೆಮೊರಿಗೆ ತರುವ ಅಗತ್ಯವೇ ಬೀಳುವುದಿಲ್ಲ.

ಇನ್ನು ಜರಡಿ, ಅಂದರೆ ಬೇಡದ k ಗಳನ್ನು ಮೊದಲೇ ಸೋಸುವುದು. 134k+1 ಸಂಖ್ಯೆ 3, 5, 7ರಿಂದ ಭಾಗವಾದರೆ ಅದನ್ನು ಪರೀಕ್ಷಿಸಿ ಏನು ಫಲ? 8ರ ನಿಯಮವೂ ಸೇರಿದರೆ 420 k ಗಳಲ್ಲಿ ಉಳಿಯುವುದು 96. ಅವುಗಳ ನಡುವಿನ ಅಂತರಗಳಿಗೆ 96 ಬೈಟ್ ಸಾಕು, ನಮ್ಮ 2 ಕೆಬಿ ಅರಮನೆಯಲ್ಲಿ ಧಾರಾಳ ಜಾಗ. ಉತ್ತರ ಇದ್ದದ್ದು k = 1445580ರಲ್ಲಿ; ಅಲ್ಲಿಯ ತನಕ ಸುಮಾರು 3,30,000 ಪರೀಕ್ಷೆ.

ಮಧ್ಯೆ ಮಂಗಳೂರಿನ ಸಿಡಿಲು, ಕರೆಂಟು ಹೋದರೆ ಮತ್ತೆ ಸೊನ್ನೆಯಿಂದ. 420ರ ಪ್ರತಿ ಕಂತು ಮುಗಿದಾಗ k ಯನ್ನು ಈಪ್ರಾಮ್‌ಗೆ, ಅಂದರೆ ಕರೆಂಟು ಹೋದರೂ ಅಳಿಯದ ಮೆಮೊರಿಗೆ, ಬರೆಸಿದೆ. ಅದು ಲಕ್ಷ ಸಲ ಬರೆದರೂ ತಾಳುತ್ತದೆ, ಇಲ್ಲಿ ಮೂರೂವರೆ ಸಾವಿರವೂ ಆಗುವುದಿಲ್ಲ. ಹಂಪನಕಟ್ಟೆಯ ಅಂಗಡಿಯವರು ಕೊಟ್ಟ ಕೇಬಲ್ ಬರೀ ಚಾರ್ಜಿಂಗಿನದ್ದು, ಡೇಟಾ ಹೋಗುವುದೇ ಇಲ್ಲ. ಕೇಳಿದರೆ "ಎರಡೂ ಒಂದೇ ಸರ್, ಬಣ್ಣ ಮಾತ್ರ ಬೇರೆ" ಅಂತೆ. ಬಣ್ಣವೂ ಒಂದೇ ಇತ್ತು.

ಇನ್ನೊಂದು ಭಾಜಕ 761838257287. ಈಗ ನಿದ್ದೆ ಕೆಡಿಸುತ್ತಿರುವುದು ಬೇರೆ. ಮೊದಲನೆಯದರಿಂದ ಒಂದು ಕಳೆದು ಒಡೆದು ನೋಡಿ: 8 × 27 × 5 × 67 × 2677. ಎರಡನೆಯದರಲ್ಲಿ ಹೀಗೆ ಮಾಡಿದರೆ ದೊಡ್ಡ ತುಂಡು 8539. ಅಂದರೆ ಪೊಲಾರ್ಡ್‌ನ p−1 ವಿಧಾನಕ್ಕೆ (p−1 ಸಣ್ಣ ತುಂಡುಗಳಾಗಿ ಒಡೆದರೆ ಭಾಜಕ p ಯನ್ನು ಬೇಗ ಹಿಡಿಯುವ ವಿಧಾನ) ಹೇಳಿ ಮಾಡಿಸಿದ ಜೋಡಿ! ತುಂಡುಗಳ ಮಿತಿ 2677 ಇಟ್ಟರೆ ಮೊದಲನೆಯದು ಮಾತ್ರ ಉದುರಬೇಕು, ನಾಲ್ಕು ಸಾವಿರಕ್ಕಿಂತ ಕಡಿಮೆ ಸಲ ವರ್ಗ ಮಾಡಿದರೆ ಸಾಕು. ಘಾತಕ್ಕೇರಿಸುವ ಆಧಾರ ಸಂಖ್ಯೆ ಮಾತ್ರ 2 ಇಡಬೇಡಿ. 2ರ 67ನೇ ಘಾತದ ಶೇಷ ಹೇಗೂ 1, ಆಗ ಮ.ಸಾ.ಅ. ಆಗಿ ಇಡೀ ಸಂಖ್ಯೆಯೇ ವಾಪಸ್ ಬರುತ್ತದೆ. 3 ಇಡುತ್ತೇನೆ.

ಆದರೆ ಇಲ್ಲಿ ದೈತ್ಯನನ್ನು ಒಳಗೆ ಕರೆಯಲೇಬೇಕು, ಒಂಬತ್ತು ಬೈಟಿನ ಗುಣಾಕಾರ. ಭಾಗಾಕಾರವಿಲ್ಲದೆ ಶೇಷ ತೆಗೆಯುವ ಮಾಂಟ್‌ಗೊಮರಿ ಕ್ರಮವನ್ನು ಎವಿಆರ್ (ಈ ಚಿಪ್ಪಿನ) ಅಸೆಂಬ್ಲಿಯಲ್ಲಿ ಬರೆದವರು ಯಾರಾದರೂ ಉಂಟಾ? ಕ್ಯಾರಿಯನ್ನು (ಗುಣಾಕಾರದ ದಶಕವನ್ನು) ಎಲ್ಲಿ ಇಟ್ಟಿರಿ ಎಂದು ಹೇಳಿ, ನನ್ನ ರಿಜಿಸ್ಟರುಗಳು (ಚಿಪ್ಪಿನೊಳಗಿನ ಪುಟ್ಟ ಖಾನೆಗಳು) ಆಗಲೇ ಮುಗಿದುಹೋಗಿವೆ.