ಬ್ಯಾಂಡಿನಲ್ಲಿ ಯಾರೂ ಇಲ್ಲವೇ? ಹಾಗಾದರೆ ನೀವೇ ಕರೆಯಿರಿ

ಪರೀಕ್ಷೆ ಪಾಸಾಗಿ, ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಕೈಗೆ ಬಂದು, ರೇಡಿಯೋವನ್ನೂ ಕೊಂಡವರು ಕೆಲವು ತಿಂಗಳ ನಂತರ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಎಷ್ಟು ಹೊತ್ತು ಡಯಲ್ ತಿರುಗಿಸಿದರೂ ಬರೀ ಗೊರಗೊರ ಸದ್ದು. ನೀವೆಲ್ಲ ಯಾರೊಡನೆ ಮಾತನಾಡುತ್ತೀರಿ? ನಾನೂ ಹೆಚ್ಚು ಸಕ್ರಿಯನಾಗುವುದು ಹೇಗೆ?"

ಡಯಲ್ ತಿರುಗಿಸುವುದನ್ನು ನಿಲ್ಲಿಸಿ, ಒಂದು ಕಡೆ ನಿಂತು, ನೀವೇ ಸಿಕ್ಯೂ ಕರೆಯಿರಿ. ಕೇಳಿಸಿಕೊಂಡವರು ಯಾರಾದರೂ ಸರಿ, ಉತ್ತರಿಸಿ ಎಂಬ ಕರೆಯೇ ಸಿಕ್ಯೂ. ಎಲ್ಲರೂ ಕೇಳುತ್ತಾ ಕುಳಿತರೆ ದೂರಕ್ಕೆ ಸಂಕೇತ ಸಾಗುವಂತೆ ತೆರೆದಿರುವ ಬ್ಯಾಂಡ್ (ಆವರ್ತನಗಳ ಪಟ್ಟಿ) ಕೂಡ ಖಾಲಿಯಾಗಿಯೇ ಕೇಳಿಸುತ್ತದೆ.

ಇದನ್ನು ಊಹೆಯಿಂದ ಹೇಳುತ್ತಿಲ್ಲ. ಅಕ್ಟೋಬರ್ ತಿಂಗಳ ಕೊನೆಯ ಪೂರ್ಣ ವಾರಾಂತ್ಯದಲ್ಲಿ ಸಿಕ್ಯೂ ವರ್ಲ್ಡ್ ವೈಡ್ ಸ್ಪರ್ಧೆಯ ಧ್ವನಿ ವಿಭಾಗ ನಡೆಯುತ್ತದೆ. ಆಗ 20 ಮೀಟರ್ ಬ್ಯಾಂಡಿನಲ್ಲಿ, ಅಂದರೆ 14 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಕಾಲಿಡಲು ಜಾಗ ಸಿಗುವುದು ಕಷ್ಟ. ಮಂಗಳವಾರ ಅದೇ ಬ್ಯಾಂಡಿಗೆ ಹೋಗಿ, ಮೌನ ನಿಮಗೇ ಕೇಳಿಸುತ್ತದೆ. ಆ ಎರಡು ದಿನಗಳಲ್ಲಿ ಬದಲಾದದ್ದು ಸಾಮಾನ್ಯವಾಗಿ ಅಯಾನುಗೋಳ, ಅಂದರೆ ರೇಡಿಯೋ ಅಲೆಗಳನ್ನು ಮತ್ತೆ ನೆಲದತ್ತ ಬಾಗಿಸುವ ವಾತಾವರಣದ ಮೇಲ್ಭಾಗ, ಅಲ್ಲ; ಕರೆಯುವವರು ಎದ್ದುಹೋಗಿರುತ್ತಾರೆ, ಅಷ್ಟೇ.

ಅನುಮಾನವಿದ್ದರೆ 14.100 ಮೆಗಾಹರ್ಟ್ಸ್‌ನಲ್ಲಿ ಮೂರು ನಿಮಿಷ ಕಿವಿಗೊಡಿ. ಪ್ರಪಂಚದ ಬೇರೆ ಬೇರೆ ಮೂಲೆಗಳಲ್ಲಿರುವ 18 ಬೀಕನ್‌ಗಳ (ತಾವಾಗಿಯೇ ಸಂಕೇತ ಕಳಿಸುವ ಕೇಂದ್ರಗಳ) ಜಾಲವೊಂದು ಅಲ್ಲಿದೆ. ಒಂದೊಂದು ಬೀಕನ್‌ಗೂ ಹತ್ತು ಸೆಕೆಂಡಿನ ಸರದಿ. ಮೊದಲು ಚುಕ್ಕೆ-ಗೀಟುಗಳ ಮೋರ್ಸ್‌ನಲ್ಲಿ ಕರೆಸಂಕೇತ (ಕೇಂದ್ರದ ಗುರುತಿನ ಹೆಸರು), ಬಳಿಕ ನಾಲ್ಕು ಉದ್ದನೆಯ ನಾದ: 100 ವಾಟ್, 10 ವಾಟ್, 1 ವಾಟ್, ಕೊನೆಗೆ 0.1 ವಾಟ್. ದೂರದ ಬೀಕನ್‌ನ ಎರಡನೆಯ ನಾದ ಕೇಳಿಸಿತೆಂದರೂ, ಹತ್ತು ವಾಟ್ ಅಲ್ಲಿಂದ ನಿಮ್ಮವರೆಗೆ ಬಂದಿದೆ ಎಂದಾಯಿತು. ನಿಮ್ಮ ರೇಡಿಯೋ ಬಹುಶಃ ಅದಕ್ಕಿಂತ ಹೆಚ್ಚನ್ನೇ ಕೊಡುತ್ತದೆ. 14.074ಕ್ಕೆ ಬಂದರೆ, ಕಂಪ್ಯೂಟರ್ ಮೂಲಕ ಚುಟುಕು ಸಂದೇಶ ಕಳಿಸುವ ಎಫ್‌ಟಿ8 ಸಂಕೇತಗಳ ಗಿಜಿಗಿಜಿ. 2017ರಲ್ಲಿ ಬಂದ ಈ ವಿಧಾನ ಹದಿನೈದು ಸೆಕೆಂಡಿನ ಸರದಿಗಳಲ್ಲಿ, ಕಿವಿಗೆ ನಿಲುಕದಷ್ಟು ಕ್ಷೀಣವಾದ ಸಂಕೇತಗಳನ್ನೂ ಹಿಡಿದುಕೊಡುತ್ತದೆ. ನಾನೂ ಬಳಸುತ್ತೇನೆ, ಇಷ್ಟಪಡುತ್ತೇನೆ. ಆದರೆ ಮಾತನಾಡುವ ಆಸೆಯಿಂದ ರೇಡಿಯೋ ಕೊಂಡವರು ಅಲ್ಲಿಗೇ ನಿಂತುಬಿಟ್ಟರೆ ನನಗೆ ಬೇಸರವಾಗುತ್ತದೆ.

ಹೊತ್ತನ್ನು ನೋಡಿ ಬ್ಯಾಂಡ್ ಆರಿಸಿಕೊಳ್ಳಿ. ಹಗಲಿನಲ್ಲಿ ಅಯಾನುಗೋಳದ ಡಿ ಪದರ 80 ಮತ್ತು 40 ಮೀಟರ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗಿ, 40 ಮೀಟರ್ ದೂರದವರೆಗೆ ಚಾಚುತ್ತದೆ. ಹಗಲಿಗೆ 20 ಮೀಟರ್ ವಾಸಿ. ಆಂಟೆನಾ ಸಿದ್ಧವಾಗಲಿ ಎಂದು ವರ್ಷಗಟ್ಟಲೆ ಕಾಯುವವರನ್ನು ನೋಡಿದ್ದೇನೆ. ಸರಳ ತಂತಿಯ ಆಂಟೆನಾ ಸಾಕು. 143ನ್ನು ಮೆಗಾಹರ್ಟ್ಸ್‌ನಲ್ಲಿರುವ ಆವರ್ತನದಿಂದ ಭಾಗಿಸಿದರೆ ತಂತಿಯ ಉದ್ದ ಮೀಟರ್‌ಗಳಲ್ಲಿ ಸಿಗುತ್ತದೆ; 40 ಮೀಟರ್ ಬ್ಯಾಂಡಿನ 7.1ಕ್ಕೆ ಸುಮಾರು 20 ಮೀಟರ್ ತಂತಿ. ನಡುವೆ ಕತ್ತರಿಸಿ ಕೇಬಲ್ ಜೋಡಿಸಿ, ಎಟುಕಿದಷ್ಟು ಎತ್ತರಕ್ಕೆ ಕಟ್ಟಿ, ಉದ್ದವನ್ನು ಹೊಂದಿಸಿಕೊಂಡು ಶುರುಮಾಡಿ.

ಇನ್ನು ಕರೆಯುವ ರೀತಿ. ಆ ಆವರ್ತನ ಬಳಕೆಯಲ್ಲಿದೆಯೇ ಎಂದು ಮೊದಲು ಕೇಳಿ. ಯಾರೂ ಇಲ್ಲದಿದ್ದರೆ ಮೂರು ಸಲ ಸಿಕ್ಯೂ, ಎರಡು ಸಲ ನಿಮ್ಮ ಕರೆಸಂಕೇತ, ನಾಲ್ಕೈದು ಸೆಕೆಂಡ್ ಮೌನ, ಮತ್ತೆ ಅದೇ. ಹೆಚ್ಚಿನವರು ತಪ್ಪುವುದು ಇಲ್ಲಿಯೇ. ಎರಡು ಸಲ ಕರೆದು ಬೇರೆಡೆಗೆ ಹೋಗಿಬಿಡುತ್ತಾರೆ. ನಿಮ್ಮನ್ನು ಕೇಳಿಸಿಕೊಳ್ಳಬೇಕಾದವರು ಡಯಲ್ ತಿರುಗಿಸುತ್ತಾ ಇನ್ನೂ ನಿಮ್ಮತ್ತ ಬರುತ್ತಿರುತ್ತಾರೆ! ಹತ್ತು ನಿಮಿಷವಾದರೂ ನಿಲ್ಲಿ. ನನ್ನ ಮೊದಲ ಸಿಕ್ಯೂಗೆ ಉತ್ತರ ಬಂದದ್ದು ಹನ್ನೊಂದನೆಯ ನಿಮಿಷದಲ್ಲಿ. ಗದ್ದಲದ ಅಡಿಯಿಂದ ಅರ್ಧ ಕರೆಸಂಕೇತ ಮೇಲೆದ್ದಿತು. ಮತ್ತೊಮ್ಮೆ ಹೇಳಿ ಎಂದೆ, ಪೂರ್ತಿ ಬಂತು. ಆ ಹಾಳೆ ಇಂದಿಗೂ ನನ್ನ ಲಾಗ್ ಪುಸ್ತಕದಲ್ಲಿದೆ.

ನಿಮ್ಮ ಸಂಕೇತ ಎಲ್ಲಿಗೆ ತಲುಪುತ್ತಿದೆ ಎಂದು ತಿಳಿಯಬೇಕೆನಿಸಿದರೆ ಮೋರ್ಸ್‌ನಲ್ಲಿ ಕರೆದು ನೋಡಿ. ರಿವರ್ಸ್ ಬೀಕನ್ ನೆಟ್‌ವರ್ಕ್‌ನ ಸ್ವಯಂಚಾಲಿತ ಗ್ರಾಹಕಗಳು ನಿಮ್ಮನ್ನು ಹಿಡಿದರೆ, ಎಲ್ಲಿ ಎಷ್ಟು ಬಲವಾಗಿ ಕೇಳಿಸಿತೆಂಬುದು ಬೇಗನೆ ಇಂಟರ್‌ನೆಟ್‌ನಲ್ಲಿ ಕಾಣುತ್ತದೆ.

ರೇಡಿಯೋವನ್ನು ಪೆಟ್ಟಿಗೆಯಲ್ಲಿಟ್ಟವರಿಗೆ ಒಂದು ಮಾತು: ಹೊರತೆಗೆದು ಜೋಡಿಸುವಷ್ಟರಲ್ಲಿ ಉತ್ಸಾಹ ಇಳಿದುಹೋಗುತ್ತದೆ. ಒಂದು ಸ್ವಿಚ್ ಒತ್ತಿದರೆ ಮಾತನಾಡುವಂತೆ ಮೇಜಿನ ಮೇಲೆ ಸಿದ್ಧವಾಗಿರಲಿ. ಗುಡುಗು ಮಿಂಚಿದ್ದಾಗ ಆಂಟೆನಾ ಬಿಚ್ಚಿಡುವುದನ್ನು ಮಾತ್ರ ಮರೆಯಬೇಡಿ.

ಸಾಧ್ಯವಾದರೆ ಒಬ್ಬ ಸ್ನೇಹಿತರೊಡನೆ ವಾರಕ್ಕೊಂದು ಹೊತ್ತು, ಒಂದು ಆವರ್ತನ ಗೊತ್ತುಮಾಡಿಕೊಳ್ಳಿ. ನಾವಿಬ್ಬರು ಹೀಗೆ ಭಾನುವಾರ ಬೆಳಿಗ್ಗೆ 40 ಮೀಟರ್‌ನಲ್ಲಿ ಸೇರತೊಡಗಿದೆವು. ಈಗ ಐದು ಮಂದಿ ಇದ್ದೇವೆ. ಆಮೇಲೆ ಬಂದ ಮೂವರಲ್ಲಿ ಇಬ್ಬರು ಮೊದಲ ದಿನವೇ ಹೇಳಿದ್ದರು: "ಎಷ್ಟೋ ವಾರಗಳಿಂದ ನಿಮ್ಮನ್ನು ಕೇಳುತ್ತಲೇ ಇದ್ದೆವು."